ಎಮ್ಮೆಬೆನ್ನು ಗುಡ್ಡ ಹತ್ತಿ ಹೋದವರಿಗೆ

ಒರತೆ ನಿಂತ ನೂರ ಹದಿನಾಲ್ಕನೇ ವರ್ಷ, ಮಣ್ಣು ಹೊರುವ ಎರಡನೇ ತಿಂಗಳು, ಏಳನೇ ದಿನ. ನಿಮ್ಮ ಲೆಕ್ಕದಲ್ಲಿ ಇದು ೨೧೭೩ ಆಗುತ್ತದಂತೆ. ಅಷ್ಟು ದೂರದ ಕ್ಯಾಲೆಂಡರನ್ನು ನೀವು ಗೋಡೆಗೆ ಎಂದೂ ನೇತುಹಾಕಿರಲಿಕ್ಕಿಲ್ಲ.

ಭಾನುವಾರ ಭಾನುವಾರ ಎಮ್ಮೆಬೆನ್ನು ಗುಡ್ಡಕ್ಕೆ ಬಂದು ಹೋಗುತ್ತಿದ್ದವರೇ, ನನ್ನ ಮಾತು ವಿಚಿತ್ರವಾಗಿ, ಒರಟಾಗಿ ಕೇಳಿಸಿದರೆ ಕ್ಷಮಿಸಿ. ವಿಚಿತ್ರಕ್ಕೆ ಮಾತ್ರ ಕ್ಷಮೆ ಕೇಳುತ್ತಿದ್ದೇನೆ, ಒರಟಿಗಲ್ಲ. ನಾನು ಚಿಕ್ಕತಾಯಿ, ಅರವತ್ತೆಂಟು ವರ್ಷದವಳು. ಎಂಟು ವರ್ಷಕ್ಕೇ ಶಾಲೆ ಬಿಟ್ಟೆ. ಬುಟ್ಟಿ ಹೊರುವಷ್ಟು ಕತ್ತು ಗಟ್ಟಿಯಾದ ಮೇಲೆ ನಮ್ಮಲ್ಲಿ ಯಾರನ್ನೂ ಬೆಂಚಿನ ಮೇಲೆ ಕೂರಿಸುವುದಿಲ್ಲ. ಉಳಿದ ಅಕ್ಷರ ಕಲಿತದ್ದು ನಿಮ್ಮ ಕಾಲದ ತಗಡಿನ ಬೋರ್ಡಿನಿಂದ. "ಸುಲಭ ದಾರಿ. ಮೊದಲ ಸಲ ಹತ್ತುವವರಿಗೂ ಸೂಕ್ತ. ಮೇಲಿನಿಂದ ಸುಂದರ ನೋಟ." ಈಗ ಆ ಬೋರ್ಡು ನಮ್ಮ ಮಣ್ಣಿನ ರಾಶಿಗೆ ಮುಚ್ಚಳ.

ಗುಡ್ಡ ಸುಲಭದ್ದೇ, ಒಪ್ಪುತ್ತೇನೆ. ಮಲಗಿದ ಎಮ್ಮೆಯ ಬೆನ್ನಿನ ಹಾಗೆ ನುಣ್ಣಗೆ ಏರುತ್ತದೆ. ಮೊದಲು ಅದರ ಮೇಲೆ ಒಂದು ಪಾದದ ಅಗಲದ ಕಾಲುದಾರಿ ಇತ್ತಂತೆ. ಮಳೆ ಬಂದಾಗ ಅಲ್ಲಿ ಕೆಸರಾಯಿತು. ನಿಮ್ಮ ಬೂಟು ಹೊಸದು. ಕೆಸರು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಕಾಲಿಟ್ಟಿರಿ. ಅಷ್ಟೇ ನೀವು ಮಾಡಿದ್ದು. ಕೊಡಲಿ ಹಾಕಲಿಲ್ಲ, ಬೆಂಕಿ ಹಚ್ಚಲಿಲ್ಲ. ಹುಲ್ಲು ಸತ್ತು ಅಲ್ಲೂ ಕೆಸರಾಯಿತು. ಹಿಂದೆ ಬಂದವನು ಅದರಾಚೆ ಕಾಲಿಟ್ಟ. ಪಾದದಗಲದ ದಾರಿ ಗಾಡಿಯಗಲವಾಯಿತು, ಆಮೇಲೆ ಹತ್ತು ಗಾಡಿಯಗಲ. ಬೇರಿಲ್ಲದ ಮಣ್ಣನ್ನು ಮಳೆ ಕೆಳಗಿಳಿಸಿತು. ಆ ಹುಲ್ಲು ಹೀರಿ ಇಟ್ಟುಕೊಂಡ ನೀರೇ ಒರತೆಯಾಗಿ ನಮ್ಮೂರಿಗೆ ಬರುತ್ತಿದ್ದದ್ದು. ಅದು ನಿಂತಿತು. ನೀವು ಫೋಟೋ ತೆಗೆದುಕೊಂಡು ಬೇರೆ ಗುಡ್ಡಕ್ಕೆ ಹೋದಿರಿ.

ಈಗ ನಾವು ಕುಡಿಯುವುದು ಹಿಂಡುನೀರು. ಬೆಳಗಿನ ಮಂಜಿಗೆ ಬಟ್ಟೆ ಕಟ್ಟಿ, ಒದ್ದೆಯಾದದ್ದನ್ನು ಮಡಕೆಗೆ ಹಿಂಡುತ್ತೇವೆ; ಸ್ನಾನವೆಂದರೆ ಹದಿನೈದು ದಿನಕ್ಕೊಮ್ಮೆ ಒಂದು ಬಟ್ಟೆಯ ನೀರು. ಗುಡ್ಡಕ್ಕೆ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಕೆಳಗೆ ಕೊಚ್ಚಿಬಂದ ಮಣ್ಣನ್ನು ಬುಟ್ಟಿಯಲ್ಲಿ ತುಂಬಿ, ಹುಲ್ಲು ಮತ್ತೆ ಬೇರೂರಲೆಂದು ಮೇಲಕ್ಕೆ ಹೊರುತ್ತೇವೆ. ಅದರ ಹೆಸರು ಏರುಮಣ್ಣು. ಮದುವೆಗೆ ಮುಂಚೆ ಹೆಣ್ಣು ಗಂಡು ಸೇರಿ ಇಪ್ಪತ್ತು ಬುಟ್ಟಿ ಹೊರಬೇಕು, ಸತ್ತವರ ಹೆಸರಿನಲ್ಲಿ ಮೂರು ಬುಟ್ಟಿ. ಬರಿಗಾಲಲ್ಲಿ, ಎರಡು ಸಾಲು ಕಲ್ಲಿನ ನಡುವೆ, ಒಬ್ಬರ ಹಿಂದೆ ಒಬ್ಬರು. ಆ ಕಲ್ಲಿನ ಸಾಲಿಗೆ ಗೆರೆ ಎನ್ನುತ್ತೇವೆ. ನಮ್ಮಲ್ಲಿ ದೊಡ್ಡ ಬೈಗುಳ ಯಾವುದು ಗೊತ್ತೇ? ಹೆಂಗಸರ ಜಗಳದಲ್ಲಿ ಒಬ್ಬಳು "ಹೋಗೇ ಹುಲ್ಲುಕಾಲಿ, ನಿಮ್ ತಾತ ಬೂಟು ಹಾಕ್ತಿದ್ದ!" ಅಂದಳೆಂದರೆ ಮುಗಿಯಿತು, ಜುಟ್ಟು ಕೈಗೆ ಬರುತ್ತದೆ. ನಾನು ಗೆರೆಯವಳು. ಗೆರೆಯ ಪಕ್ಕದ ಬಂಡೆ ಮೇಲೆ ನಿಂತು, ಯಾರ ಪಾದವೂ ಗೆರೆ ದಾಟದಂತೆ ಕಾಯುವುದು ನನ್ನ ಕೆಲಸ.

ಈ ಮಳೆಗಾಲದಲ್ಲಿ ಒರತೆಯ ಬಾಯಿಯ ಕಲ್ಲು ಒದ್ದೆಯಾಯಿತು. ಊರಿನ ಯಜಮಾನ ಮುದ್ದಯ್ಯ ಅದನ್ನು ನೆಕ್ಕಿ ನೋಡಿ, ಅಲ್ಲೇ ಕೂತು ಅತ್ತ. ಮೊದಲ ನೀರು ಹರಿದ ದಿನ ಊರಿಗೆ ಊರೇ ಮೇಲೆ ಹೋಗಿ ಕುಡಿಯಬೇಕೆಂಬುದು ನಮ್ಮ ಅಜ್ಜಿಯರ ಅಜ್ಜಿಯರು ಇಟ್ಟುಹೋದ ಆಸೆ. ನನ್ನ ಮೊಮ್ಮಗಳು ಹೊನ್ನಿಗೆ ಒಂಬತ್ತು ವರ್ಷ. ಆ ದಿನಕ್ಕೆಂದೇ ಸೋರೆಬುರುಡೆ ಕೆರೆದು ಪುಟ್ಟ ಬಟ್ಟಲು ಮಾಡಿಟ್ಟುಕೊಂಡಿದ್ದಳು.

ಮೂರು ದಿನದ ಹಿಂದೆ ದಾರಿಯೆಲ್ಲ ಕೆಸರು. ಹೊನ್ನಿಯ ಬುಟ್ಟಿ ವಾಲಿತು. ಬೀಳುವುದನ್ನು ತಪ್ಪಿಸಲು ಎಡಗಾಲನ್ನು ಗೆರೆಯಾಚೆ, ಹುಲ್ಲಿನ ಮೇಲೆ ಊರಿದಳು. ಒಂದೇ ಹೆಜ್ಜೆ. ನೋಡಿದ್ದು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಬಾಯಿ ಎಂದು ಮುಚ್ಚಿದೆ? ಅವಳ ಹೆಸರು ಹಿಡಿದೇ ಕೂಗಿದೆ. ಹುಲ್ಲು ತುಳಿದವರು ಮತ್ತೆಂದೂ ಗುಡ್ಡ ಹತ್ತುವಂತಿಲ್ಲ, ಮೊದಲ ನೀರಿನ ದಿನವೂ ಇಲ್ಲ. ಅದು ನಮ್ಮ ಕಟ್ಟಳೆ.

"ಮಗು ಕಣವ್ವ, ಜಾರ್ತು. ಒಂದೇ ಹೆಜ್ಜೆ. ಬಿಟ್ಬಿಡು," ಅಂದ ಮುದ್ದಯ್ಯ.

"ಅವರೂ ಒಂದೊಂದೇ ಹೆಜ್ಜೆ ಇಟ್ಟಿದ್ದು, ಯಜಮಾನ," ಅಂದೆ. ಮುದ್ದಯ್ಯ ಹೊನ್ನಿಯ ಬುಟ್ಟಿ ಇಳಿಸಿಕೊಂಡ.

ಹೊನ್ನಿ ಅಳಲಿಲ್ಲ. ಮನೆಗೆ ಬಂದ ಮೇಲೆ ಕೇಳಿದಳು, "ಅಜ್ಜಿ, ನಾನು ಬೀಳ್ತೀನಿ ಅಂತ ಕಾಲಿಟ್ಟೆ. ಅವ್ರು ಯಾಕಿಟ್ರು?"

"ಬೂಟು ಕೊಳೆ ಆಗ್ತದೆ ಅಂತ."

ಅವಳು ನಕ್ಕುಬಿಟ್ಟಳು. "ಸುಳ್ಳು ಹೇಳ್ಬೇಡಜ್ಜಿ. ನಿಜ ಹೇಳು," ಅಂದಳು. ನಿಜ ಅದೇ ಎಂದು ನಂಬಿಸಲು ನನಗೆ ಇವತ್ತಿನ ತನಕ ಆಗಿಲ್ಲ. ಆಮೇಲೆ ಸೋರೆಬಟ್ಟಲು ತಂದು ನನ್ನ ಕೈಗಿಟ್ಟಳು. "ನೀನೇ ಕುಡಿ. ಹಂಗೇ ಮೇಲಿಂದ ಏನು ಕಾಣ್ತದೆ ನೋಡ್ಕೊಂಡು ಬಾ. ಬೋರ್ಡಲ್ಲಿ ಬರ್ದಿದ್ಯಲ್ಲ. ನಾನು ಹೊರೋವಾಗೆಲ್ಲ ಬರೀ ಕಾಲೇ ನೋಡ್ತಿದ್ದೆ."

ನಾನೂ ಅಷ್ಟೇ. ಅರವತ್ತು ವರ್ಷ ಹತ್ತಿದ್ದೇನೆ, ಒಮ್ಮೆಯೂ ತಲೆಯೆತ್ತಿ ನೋಡಿಲ್ಲ. ಏರುವಾಗ ಕಣ್ಣು ಪಾದದ ಮೇಲೆ. ತುದಿಯಲ್ಲಿ ನಿಂತಾಗ ಹಟ. ಇಷ್ಟೆಲ್ಲ ಆದದ್ದು ಆ ನೋಟಕ್ಕೆ ತಾನೇ? ಅದಕ್ಕೆ ಬೆನ್ನು ಹಾಕಿ ಮಣ್ಣು ಸುರಿದು ಇಳಿದುಬಿಡುತ್ತಿದ್ದೆ. ನಾಳೆ ನೀರು ಹರಿಯುತ್ತದೆ ಎಂದಿದ್ದಾನೆ ಮುದ್ದಯ್ಯ. ಮೇಲೆ ಹೋದಾಗ ನೋಡಬೇಕು, ಅವಳಿಗೆ ಹೇಳಬೇಕಲ್ಲ. ಅದು ನಿಜಕ್ಕೂ ಸುಂದರವಾಗಿದ್ದುಬಿಟ್ಟರೆ ಏನು ಮಾಡಲಿ ಎಂಬುದೊಂದೇ ಭಯ.

ಹತ್ತಬೇಡಿ ಎಂದು ನಿಮಗೆ ಹೇಳುವುದಿಲ್ಲ. ಹೇಳಿದರೆ ಕೇಳುವ ಜನ ನೀವಲ್ಲ. ಹತ್ತಿ, ನೋಡಿ, ಮಕ್ಕಳನ್ನೂ ಕರೆದುಕೊಂಡು ಹೋಗಿ. ಆದರೆ ದಾರಿಯಲ್ಲಿ ಕೆಸರು ಸಿಕ್ಕಾಗ ಪಕ್ಕಕ್ಕೆ ಸರಿಯಬೇಡಿ. ಕೆಸರಿನೊಳಗೇ ಕಾಲಿಡಿ, ಕಣಕಾಲ ತನಕ ಹೂತರೂ ಸರಿ. ಬೂಟನ್ನು ಮನೆಗೆ ಹೋಗಿ ತೊಳೆದುಕೊಳ್ಳಿ. ತೊಳೆಯಲು ನಿಮ್ಮಲ್ಲಿ ನೀರಿದೆ.

ಗೆರೆಯವಳು ಚಿಕ್ಕತಾಯಿ