ಜರಿ ರುಮಾಲು ಬಿಚ್ಚದ ತಾತನಿಗೆ

ನನ್ನ ಹಟಮಾರಿ ತಾತನಿಗೆ, ಆಸ್ತಿಯಲ್ಲಿ ಆ ಹಟವೊಂದನ್ನೇ ಪಾಲಿಗೆ ಪಡೆದ ಮೊಮ್ಮಗಳ ನಮಸ್ಕಾರ.

ಹೋದ ತಿಂಗಳು ನಮ್ಮ ಶಿಡ್ಲಘಟ್ಟದ ಹೊಸ ಪುರಭವನಕ್ಕೆ ಸುಣ್ಣ ಬಳಿಯುತ್ತಿದ್ದಾಗ ಸಮಿತಿಯ ಅಧ್ಯಕ್ಷರು ಮನೆಗೆ ಬಂದರು. ಸ್ವಾತಂತ್ರ್ಯ ಬಂದು ನಲವತ್ತು ವರ್ಷವಾಯಿತಲ್ಲ, ಅದರ ನೆನಪಿಗೆ ಭವನಕ್ಕೆ ನಿನ್ನ ಹೆಸರಿಟ್ಟು, ವೇದಿಕೆಯ ಮೇಲೆ ನಿನ್ನ ದೊಡ್ಡ ಚಿತ್ರ ಹಾಕುತ್ತಾರಂತೆ. "ಚಿಂತಾಮಣಿ ಕಾಲೇಜಲ್ಲಿ ಹಿಸ್ಟರಿ ಹೇಳ್ಕೊಡ್ತೀಯ, ತಾತನ ಜೀವನಚರಿತ್ರೆ ಎರಡು ಪುಟ ಬರ್ಕೊಡಮ್ಮ. ಚಳವಳೀಲಿ ಜರಿ ರುಮಾಲು ಬೀದೀಲಿ ಸುಟ್ಟು ಜೈಲಿಗೆ ಹೋದ್ರಲ್ಲ, ಅದು ಚೆನ್ನಾಗಿ ಬರ್ಲಿ" ಎಂದರು. ನೀನು ಜೈಲಿಗೆ ಹೋಗಿದ್ದು ನಿಜ. ಕೈದಿಗಳ ಊಟ ಹೇಗಿದೆಯೆಂದು ನೋಡಲು, ಮೈಸೂರು ಮಹಾರಾಜರ ಪ್ರಜಾಪ್ರತಿನಿಧಿ ಸಭೆಯ ಸದಸ್ಯನಾಗಿ! ಮುದ್ದೆ ಬೆಂದಿಲ್ಲ ಎಂದು ಬರೆದಿಟ್ಟು, ಸಂಜೆಯೊಳಗೆ ಮನೆಗೆ ಬಂದಿದ್ದೆ. "ತಾತ ಏನನ್ನೂ ಸುಡಲಿಲ್ಲ ಸಾರ್" ಎಂದೆ. "ಆಗ ಸುಡದಿದ್ರೇನಮ್ಮ, ಈಗ ಸುಟ್ಟಂಗೆ ಬರೆದ್ರಾಯ್ತು. ಇಲ್ಲ ಅನ್ನೋಕೆ ಅವರೇನು ಎದ್ದು ಬರ್ತಾರಾ?"

ನಾನು ಹತ್ತು ವರ್ಷದವಳಿದ್ದಾಗ ಒಂದು ದಿನ ನೀನು ಸಭೆಗೆ ಸುತ್ತಿಕೊಂಡು ಹೋಗುತ್ತಿದ್ದ ಆ ರುಮಾಲನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದ್ದೆ. "ಮೈಸೂರಿನ ಸಭೇಲಿ ಏನ್ ಮಾಡ್ತಿದ್ದೆ ತಾತ?" ಎಂದು ಕೇಳಿದ್ದೆ. "ಏಳ್ತಿದ್ದೆ, ಕೇಳ್ತಿದ್ದೆ, ಕೂತ್ಕೋತಿದ್ದೆ ಕಣಮ್ಮ" ಎಂದಿದ್ದೆ. ಅದೇ ಅಲ್ಲವೇ ನಿನ್ನ ಇಡೀ ರಾಜಕೀಯ? ಪ್ರತಿ ದಸರೆಯ ಅಧಿವೇಶನದಲ್ಲೂ ಒಂದೇ ಅರಿಕೆ: ಶಿಡ್ಲಘಟ್ಟಕ್ಕೊಂದು ಹೆರಿಗೆ ಆಸ್ಪತ್ರೆ ಬೇಕು. ರೇಷ್ಮೆ ನೂಲು ತೆಗೆಯುವ ಹೆಂಗಸರು ಗೂಡು ಬೇಯುವ ಬಾಣಲೆಯ ಪಕ್ಕದಲ್ಲೇ ಹೆರುತ್ತಾರೆ, ಕೆಲವರು ಏಳುವುದೇ ಇಲ್ಲ. ಪ್ರತಿ ಸಲವೂ ದಿವಾನರ ಉತ್ತರ ಒಂದೇ: ಪರಿಶೀಲಿಸಲಾಗುವುದು. ಒಂದು ವರ್ಷ ನೀನು ಎದ್ದು ನಿಂತ ಕೂಡಲೇ ಇಡೀ ಸಭೆ ನಕ್ಕಿತಂತೆ, ನೀನು ಬಾಯಿ ತೆರೆಯುವ ಮೊದಲೇ. ನಗು ನಿಲ್ಲುವವರೆಗೂ ಕಾದು, ಮತ್ತೆ ಅದನ್ನೇ ಓದಿದೆಯಂತೆ.

ಚಳವಳಿಯ ವರ್ಷ ಗೌರಿಬಿದನೂರಿನ ಕಡೆಯಿಂದ ಹುಡುಗರ ಗುಂಪು ನಮ್ಮ ಮನೆಯ ಜಗಲಿಗೆ ಬಂದಿದ್ದನ್ನು ಅಜ್ಜಿ ನನಗೆ ಅಭಿನಯಿಸಿ ತೋರಿಸುತ್ತಿದ್ದಳು. "ಯಜಮಾನ್ರೇ, ರುಮಾಲು ಬಿಚ್ಚಿ, ರಾಜೀನಾಮೆ ಕೊಡಿ!" ನೀನು ಹೇಳಿದೆಯಂತೆ, "ಬಿಚ್ತೀನಪ್ಪ. ನೀವು ಆಸ್ಪತ್ರೆ ಕೊಡ್ಸಿ, ಈಗ್ಲೇ ಬಿಚ್ತೀನಿ. ಬರಿತಲೇಲಿ ಹೋದ್ರೆ ಅಲ್ಲಿ ಬಾಗಿಲಲ್ಲೇ ನಿಲ್ಲಿಸ್ತಾರೆ, ಕೇಳೋರು ಯಾರು?" ಅವರು ನಿನ್ನನ್ನು ಅರಮನೆ ಗಿಳಿ ಎಂದು ಕೂಗಿ, ಬಾಗಿಲಿಗೆ ಸಗಣಿ ಎರಚಿ ಹೋದರು. ಅವರದೂ ತಪ್ಪೆನ್ನಲಾರೆ, ಅವರಲ್ಲಿ ಇಬ್ಬರು ಆಮೇಲೆ ನಿಜವಾಗಿಯೂ ಜೈಲು ಕಂಡರು. ನೀನು ಒಳಗೆ ಹೋಗಿ ಅಜ್ಜಿಯ ಮುಂದೆ ಕೂತು... ಅಲ್ಲಿಗೆ ಬಂದಾಗ ಅಜ್ಜಿ ಯಾವಾಗಲೂ ಕಥೆ ನಿಲ್ಲಿಸುತ್ತಿದ್ದಳು. ನೀನು ಅತ್ತುಬಿಟ್ಟೆಯಾ ತಾತ? ಮರುವರ್ಷ ಆಸ್ಪತ್ರೆ ಬಂತು. ನಾಲ್ಕೇ ಮಂಚ. ಮೂರನೆಯದರಲ್ಲಿ ನಾನು ಹುಟ್ಟಿದೆ.

ಎರಡು ವಾರದ ಹಿಂದೆ ಕಾಲೇಜು ಬಿಟ್ಟ ಮೇಲೆ ನಿನ್ನ ಚಿತ್ರ ಬರೆಯುತ್ತಿದ್ದ ಬಾಷಾ ಸಾಬರ ಅಂಗಡಿಗೆ ಹೋದೆ. ಚಿಂತಾಮಣಿಯ ಸಿನಿಮಾ ಬೋರ್ಡುಗಳೆಲ್ಲ ಅವರ ಕೈಯವೇ. ಹಾಗಾಗಿ ನಿನ್ನ ಮೀಸೆಗೂ ಸ್ವಲ್ಪ ಹೀರೋ ಕಳೆ ಬಂದಿತ್ತು. ಆದರೆ ತಲೆಯ ಮೇಲೆ ರುಮಾಲಿಲ್ಲ, ಹಸಿಹಸಿ ಬಿಳಿ ಖಾದಿ ಟೋಪಿ! "ಏನ್ ಸಾಬ್ರೇ, ನಮ್ಮ ತಾತನಿಗೇ ಟೋಪಿ ಹಾಕ್ಬಿಟ್ರಾ?" ಎಂದೆ. ಸಾಬರು ನಕ್ಕು, ತಕ್ಷಣ ನಗು ನುಂಗಿಕೊಂಡರು. "ಮೊದ್ಲು ರುಮಾಲೇ ಬರ್ದಿದ್ದೆ ಮೇಡಂ. ಆ ಜರಿ ಅಂಚಿಗೇ ಮೂರು ದಿನ ಹಿಡೀತು. ನೆನ್ನೆ ಅಧ್ಯಕ್ಷರು ಬಂದು ಮುಚ್ಚು ಅಂದ್ರು. ನಾನೂ ಆ ಆಸ್ಪತ್ರೇಲೇ ಹುಟ್ಟಿದ್ದು ಅಂತ ಅಮ್ಮಿ ಹೇಳ್ತಿದ್ರು. ಈ ಟೋಪಿ ಬರೆಯೋಕೆ ನನ್ನ ಕೈಯೇ ಬರ್ಲಿಲ್ಲ."

"ಒರೆಸಿಬಿಡಿ."

"ಅಧ್ಯಕ್ಷರು ಬೈತಾರೆ ಮೇಡಂ."

"ನನ್ನ ಹೆಸರು ಹೇಳಿ."

ಅವರು ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡರು.

ಹೋದ ವಾರ ಸಮಿತಿಯ ಸಭೆಯಲ್ಲಿ ನಾನು ಬರೆದ ಎರಡು ಪುಟ ಓದಿದೆ. ದಸರೆ, ಅರಿಕೆ, ನಗು, ಸಗಣಿ ಎಲ್ಲವೂ ಇತ್ತು. ನಿನ್ನನ್ನೂ ಸುಮ್ಮನೆ ಬಿಡಲಿಲ್ಲ: ಹೆಂಗಸರಿಗೆ ಆಸ್ಪತ್ರೆ ಕೇಳಿದ ಇದೇ ಮನುಷ್ಯ, ಹೆಂಗಸರಿಗೆ ಓಟು ಕೊಡುವ ಮಾತು ಬಂದಾಗ ಬೇಡವೆಂದು ಕೈ ಎತ್ತಿದ್ದ ಎಂದೂ ಬರೆದಿದ್ದೆ. ಅಂದು ಅಜ್ಜಿ ಎರಡು ದಿನ ಒಲೆ ಹಚ್ಚದೆ, "ಓಟು ಬೇಡ ಅಂದೋರಿಗೆ ಊಟ ಯಾಕೆ?" ಎಂದದ್ದನ್ನೂ ಸೇರಿಸಿದ್ದೆ. ಯಾರೂ ನಗಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದರು. "ನೋಡಮ್ಮ, ಮಂತ್ರಿಗಳು ಬರ್ತಾರೆ. ರಾಜರ ಕಡೆಯೋರ ಹೆಸರು ಹೆಂಗೆ ಇಡೋದು? ಟೋಪಿ ಇದ್ರೆ ಹೆಸರು. ರುಮಾಲು ಅಂದ್ರೆ ಹೆಸರೂ ಇಲ್ಲ, ಚಿತ್ರಾನೂ ಇಲ್ಲ. ನೀನೇ ಹೇಳ್ಬಿಡು." ಪಕ್ಕದಲ್ಲಿದ್ದ ಚಿಕ್ಕಪ್ಪ, ನಿನ್ನ ಕಿರಿಯ ಮಗ, ನನ್ನ ಸೆರಗು ಜಗ್ಗಿ, "ಒಪ್ಕೊಳೇ, ಮನೆತನಕ್ಕೆ ಹೆಸರು ಬರುತ್ತೆ" ಎಂದು ಪಿಸುಗುಟ್ಟಿದರು. ಸುಳ್ಳು ಹೇಳಲಾರೆ, ಒಂದು ಗಳಿಗೆ ಆಸೆಯಾಯಿತು. ಆ ಗೋಡೆ, ಆ ಅಕ್ಷರಗಳು, ಮುಂದೆ ಯಾರಾದರೂ ಓದಿ...

"ಹೆಸರು ಬೇಡ ಸಾರ್" ಎಂದೆ.

ಚಿಕ್ಕಪ್ಪ ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ಭಾನುವಾರ ಭವನದ ಉದ್ಘಾಟನೆಯಾಯಿತು; ಬೇರೆ ಯಾರದೋ ಹೆಸರಿದೆ. ನಾನು ಹೋಗಲಿಲ್ಲ, ಮನೆಯಲ್ಲಿ ಕೂತು ಮೂರನೆಯ ಪುಟ ಬರೆದೆ. ಇನ್ನೂರಾದರೂ ಆಗಬಹುದು, ಮುಗಿಸುತ್ತೇನೆ. ಅದರಲ್ಲಿ ನೀನು ಕೂತ ಹಾಗೇ ಕೂತಿರುತ್ತೀಯ, ಎದ್ದ ಹಾಗೇ ಏಳುತ್ತೀಯ, ತಪ್ಪಿದ್ದಲ್ಲಿ ತಪ್ಪಿಯೂ ಇರುತ್ತೀಯ. ಊರಿನ ಗೋಡೆಯಿಂದ ನಿನ್ನ ಹೆಸರು ತಪ್ಪಿಸಿದವಳು ನಾನೇ ತಾತ. ಬೇಜಾರಾದರೆ ಪಟ್ಟುಕೋ. ಕ್ಷಮೆ ಮಾತ್ರ ಕೇಳುವುದಿಲ್ಲ.

ನಿನ್ನ
ಸರೋಜ