ಹೊಗೆಸೊಪ್ಪಿನ ಕಪಾಟು

ಹ್ಯಾಂಡ್‌ಪೋಸ್ಟ್,
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಅನು,

ಹೇಗಿದ್ದೀಯಾ? ದಿನ ಬೆಳಗಾದರೆ ವಾಟ್ಸಾಪ್‌ನಲ್ಲಿ ಹರಟುವವಳು ಇದೇನು ಕಾಗದ ಬರೆದಿದ್ದಾಳೆ ಅಂತ ನಗಬೇಡ. ಈ ವಿಷಯವನ್ನು ಫೋನಿನಲ್ಲೇ ಹೇಳಿಬಿಡೋಣ ಅಂತ ಮೂರು ಸಲ ಹೊರಟೆ. ಮೂರು ಸಲವೂ ನಿನ್ನ ಶಾಲೆಯ ಮಕ್ಕಳು, ಅವರೆಕಾಳು ಸಾರು, ಈ ಹ್ಯಾಂಡ್‌ಪೋಸ್ಟಿನ ಬಸ್ಸಿನ ರಷ್ಷು ಅಂತ ಏನೇನೋ ಮಾತಾಡಿ ಇಟ್ಟುಬಿಟ್ಟೆ.

ಹೋದ ಸೋಮವಾರ ನೀನು ಒಂದು ಮಾತು ಕೇಳಿದೆ. ನನ್ನ ಪ್ರಬಂಧ ಪುಸ್ತಕವಾಗುತ್ತಿದೆ ಅಂದಾಗ ನನಗಿಂತ ನೀನೇ ಹೆಚ್ಚು ಕುಣಿದೆ. ಆಮೇಲೆ ಮೆಲ್ಲಗೆ, ಪಿರಿಯಾಪಟ್ಟಣದ ಕಡೆಯೆಲ್ಲ ಸುತ್ತಿದೀಯಲ್ಲೇ, ನಮ್ಮಜ್ಜಿ ಪದ ಹೇಳ್ತಿದ್ದ ಸುದ್ದಿ ಎಲ್ಲಾದ್ರೂ ಬಂತಾ ಅಂತ ಕೇಳಿದೆ. ನಾನು ಇಲ್ಲ ಕಣೇ ಅಂದೆ. ಅದು ಸುಳ್ಳು. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ, ಯಾಕೆಂದರೆ ಗೊತ್ತಿಲ್ಲದ್ದು ಅದರ ನಡುವೆಯೇ ಇದೆ.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಮೈಸೂರಿನಲ್ಲಿ ಪಿಎಚ್.ಡಿ.ಗೆ ಸೇರಿ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವಲ್ಲ, ಇಬ್ಬರಿಗೂ ಮದುವೆ ಹಾಡುಗಳದೇ ಹುಚ್ಚು. ಒಂದೇ ತಾಲ್ಲೂಕಿನ ಹಾಡಿಗೆ ಇಬ್ಬರು ಬೇಡ, ತಿಂಗಳೊಳಗೆ ಯಾರು ಹೊಸ ಆಕರ ತಂದು ತೋರಿಸುತ್ತೀರೋ ಅವರಿಗೆ ವಿಷಯ ಅಂತ ನಮ್ಮ ಗೈಡ್ ನೀಲಕಂಠಸ್ವಾಮಿ ಸರ್ ಹೇಳಿಬಿಟ್ಟರು. ಅವತ್ತೇ ಕ್ಯಾಂಟೀನಿನಲ್ಲಿ ನೀನು ಅಜ್ಜಿಯ ಕಥೆ ಹೇಳಿದೆ. ನೀನು ಹುಟ್ಟುವುದಕ್ಕೂ ಎಷ್ಟೋ ಮೊದಲು ಮುದ್ದಯ್ಯ ಅನ್ನುವ ಮೇಷ್ಟ್ರೊಬ್ಬರು ಬೆಟ್ಟದಪುರಕ್ಕೆ ಬಂದು, ನಿಮ್ಮಜ್ಜಿ ದೊಡ್ಡತಾಯಮ್ಮನವರ ಹಾಡುಗಳನ್ನು ಎಂಟು ದಿನ ಕೂತು ಬರೆದುಕೊಂಡು ಹೋದರಂತೆ. ಆ ಹೊತ್ತಿಗೆ ಅಜ್ಜಿ ಕಣ್ಣು ಮಂಜಾಗಿ, ಹಾಡುಗಳೂ ಮರೆತುಹೋಗಿ, "ನನ್ನ ಪದಗಳು ಬುಕ್ಕಲ್ಲಿ ಅವೆ ಕಣವ್ವಾ, ಓಗಿ ತಕಂಬಾ, ಒಂದ್ಸಲ ಓದಿ ಏಳು" ಅಂತ ನಿನ್ನ ಬೆನ್ನು ಬಿದ್ದಿದ್ದರಂತೆ. ಮನೆಯಲ್ಲಿ ಯಾರೂ ನಂಬುವುದಿಲ್ಲ, ಅಮ್ಮನಂತೂ "ವಯಸ್ಸಾದೋರು ಏನೋ ಏಳ್ತಾರೆ ಬುಡು" ಅಂತಾರೆ ಅಂದೆ.

ಲೈಬ್ರರಿಯ ಕಂಪ್ಯೂಟರಿನಲ್ಲಿ ನೀನು ಮೇಷ್ಟ್ರ ಆ ಸಂಗ್ರಹವನ್ನು ಪತ್ತೆ ಮಾಡಿದ್ದೆ. ಅಚ್ಚಾಗದ, ಟೈಪು ಮಾಡಿ ರಟ್ಟು ಹಾಕಿದ ಒಂದೇ ಒಂದು ಪ್ರತಿ. ಹೊರಗೆ ಕೊಡುವುದಿಲ್ಲ, ಅಲ್ಲೇ ಕೂತು ಓದಬೇಕು. ಅದರ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದೆ. ನನಗೆ ತೋರಿಸಿ, ನಾಳೆ ಇಬ್ಬರೂ ಹೋಗೋಣ ಅಂದೆ.

ನಾನು ಅವತ್ತೇ ಹೋದೆ. ನೀನು ಬಟ್ಟೆ ಒಗೆಯುತ್ತಿದ್ದೆ. ಸುಮ್ಮನೆ ನೋಡಿ ಬರೋಣ ಅಂತಲೇ ಹೋದೆ, ಇದನ್ನಾದರೂ ನಂಬು. ಇಪ್ಪತ್ತೇಳು ಹಾಡುಗಳಿದ್ದವು. ಪ್ರತಿಯೊಂದರ ಕೆಳಗೂ 'ಹಾಡಿದವರು: ದೊಡ್ಡತಾಯಮ್ಮ, ಬೆಟ್ಟದಪುರ' ಅಂತಿತ್ತು. ಅಜ್ಜಿ ಹೇಳಿದ್ದು ನಿಜವಾಯಿತಲ್ಲ ಅಂತ ನಿನಗಾಗಿ ಖುಷಿಪಡಬೇಕಿತ್ತು. ನನಗೆ ಭಯವಾಯಿತು. ಇದು ಸರ್ ಮೇಜಿನ ಮೇಲೆ ಬಂದರೆ ನನ್ನ ವಿಷಯ ಹೋಯಿತು ಅನ್ನಿಸಿತು. ಅದನ್ನು ಎದೆಗವಚಿಕೊಂಡು ಮೇಲಿನ ಮಹಡಿಗೆ ಹೋದೆ. ಅಲ್ಲಿ ಹೊಗೆಸೊಪ್ಪು ಬೆಳೆಯ ಹಳೆಯ ವರದಿಗಳ ಕಪಾಟಿದೆ. ನಮ್ಮ ಕಡೆಯವರು ಹೊಗೆಸೊಪ್ಪು ಬೆಳೆಯುತ್ತಾರೆಯೇ ಹೊರತು ಅದರ ವರದಿ ಓದಲು ಮೈಸೂರಿಗೆ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಎರಡು ದಪ್ಪ ವರದಿಗಳ ನಡುವೆ ಅಜ್ಜಿಯ ಹಾಡುಗಳನ್ನು ತುರುಕಿ ಬಂದೆ.

ಮಾರನೆಯ ದಿನದಿಂದ ನೀನು ಹನ್ನೊಂದು ದಿನ ಹುಡುಕಿದೆ. ಕಂಪ್ಯೂಟರು 'ಲಭ್ಯವಿದೆ' ಅನ್ನುತ್ತಿತ್ತು, ಕಪಾಟಿನಲ್ಲಿ ಇರಲಿಲ್ಲ. ಪಾಪ, ಅಟೆಂಡರ್ ವೀರಭದ್ರಸ್ವಾಮಿಯವರು ನಿನ್ನ ಜೊತೆ ಸಾಲುಸಾಲನ್ನೇ ಇಳಿಸಿ ನೋಡಿದರು. ಆಮೇಲೆ ಪುಸ್ತಕ ಕಳೆದಿದ್ದಕ್ಕೆ ಅವರೇ ಉತ್ತರ ಬರೆದುಕೊಡಬೇಕಾಯಿತು. ನಾನೂ ಹುಡುಕಿದೆ, ನೆನಪಿದೆಯಾ? ನೀನು ಸ್ಟೂಲ್ ಹತ್ತಿದಾಗ ಬೀಳದ ಹಾಗೆ ಹಿಡಿದುಕೊಂಡು ನಿಂತಿದ್ದವಳು ನಾನು.

ಹನ್ನೆರಡನೆಯ ದಿನ ನೀನೇ, ನಮ್ಮಜ್ಜಿಗೆ ಭ್ರಮೆನೇ ಇರಬೇಕು ಕಣೇ, ಆ ಮುದ್ದಯ್ಯ ಬೇರೆ ಯಾರದೋ ಹಾಡು ಬರೆದಿರಬೇಕು ಅಂದೆ. ನಾನು ಹೊಟ್ಟೆನೋವು ಅಂತ ಎದ್ದು ಹೋದೆ. ಆ ಒಂದು ಕ್ಷಣದಲ್ಲಿ ಹೇಳಿದ್ದರೂ ಸಾಕಿತ್ತು. ತಿಂಗಳು ಮುಗಿದಾಗ ನಿನ್ನ ಕೈಯಲ್ಲಿ ಆಕರವಿರಲಿಲ್ಲ, ವಿಷಯ ನನಗೆ ಸಿಕ್ಕಿತು. ನೀನು ಬೇರೆ ವಿಷಯ ತೆಗೆದುಕೊಂಡೆ, ಅದರಲ್ಲಿ ಮನಸ್ಸು ನಿಲ್ಲದೆ ವರ್ಷ ತುಂಬುವುದರೊಳಗೆ ಬಿಟ್ಟು ಊರಿಗೆ ಹೋದೆ. ನಾನು ಬೇಕಾದಾಗಲೆಲ್ಲ ಮೇಲಿನ ಮಹಡಿಗೆ ಹೋಗಿ, ಓದಿ, ಅಲ್ಲೇ ತುರುಕಿ ಬರುತ್ತಿದ್ದೆ. ನನ್ನ ಪ್ರಬಂಧದಲ್ಲಿ ಆ ಇಪ್ಪತ್ತೇಳೂ ಹಾಡುಗಳಿವೆ. ಕೆಳಗೆ 'ಖಾಸಗಿ ಸಂಗ್ರಹದಿಂದ' ಅಂತ ಹಾಕಿದ್ದೇನೆ. ಹಾಡಿದವರ ಹೆಸರಿಲ್ಲ.

ಹುಣಸೂರಿನಲ್ಲಿ ನಮ್ಮಪ್ಪ ಮೂರು ವರ್ಷ ಓದು, ಆಮೇಲೆ ಗಂಡು ನೋಡುತ್ತೇನೆ ಅಂತ ಗಡುವು ಹಾಕಿದ್ದರು, ಅದಕ್ಕೇ ಹೀಗೆ ಮಾಡಿದೆ ಅಂತ ಬರೆದು, ಹೊಡೆದು ಹಾಕಿದೆ. ನಿಮ್ಮ ಮನೆಯಲ್ಲೂ ಅದೇ ಗಡುವಿತ್ತು.

ನಿನ್ನೆ ಮೈಸೂರಿಗೆ ಹೋಗಿ ಅದನ್ನು ಹೊರಗೆ ತೆಗೆದೆ. ಮೂಲೆಯಲ್ಲಿ ಸ್ವಲ್ಪ ಹುಳು ಹಿಡಿದಿದೆ, ಹಾಡುಗಳಿಗೆ ಏನೂ ಆಗಿಲ್ಲ. ವೀರಭದ್ರಸ್ವಾಮಿಯವರ ಕೈಗೇ ಕೊಟ್ಟು, ಎಲ್ಲಿಟ್ಟಿದ್ದೆ ಅಂತ ಹೇಳಿದೆ. ಅವರು ಬೈಯಲಿಲ್ಲ. "ಆ ಮಗಾ ಎಷ್ಟು ಉಡುಕ್ತು ಕಣಮ್ಮಾ" ಅಂದರು, ಅಷ್ಟೇ. ಸಂಖ್ಯೆಯನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಅಮ್ಮನನ್ನೂ ಕರೆದುಕೊಂಡು ಹೋಗಿ ತೋರಿಸು. ನನ್ನ ಪುಸ್ತಕದ ಅಚ್ಚು ನಿಲ್ಲಿಸಿ ಅಂತ ಪ್ರಕಾಶಕರಿಗೆ ಹೇಳಿದ್ದೇನೆ. ಸರ್‌ಗೆ ಇನ್ನೂ ಹೇಳಿಲ್ಲ. ಪದವಿ ಹೋದರೆ ಹೋಗಲಿ ಅಂತ ಧೈರ್ಯದ ಮಾತು ಬರೆಯಲು ನೋಡಿದೆ, ಆದರೆ ಅದು ಹೋದರೆ ಇಲ್ಲಿನ ಕಾಲೇಜಿನ ಕೆಲಸವೂ ಹೋಗುತ್ತದೆ ಅಂತ ನೆನೆದು ಪೆನ್ನು ಕೆಳಗಿಟ್ಟೆ. ಈ ಕಾಗದವನ್ನು ನೀನು ಸರ್‌ಗೆ ತೋರಿಸಬಹುದು. ನಾನು ಬರೆದದ್ದಲ್ಲ ಅನ್ನುವುದಿಲ್ಲ.

ಅಜ್ಜಿ ಆ ವರ್ಷ ದೀಪಾವಳಿಗೆ ಮೊದಲೇ ಹೋಗಿಬಿಟ್ಟರು. ತನ್ನ ಪದಗಳನ್ನು ಕೇಳಿಸಿಕೊಳ್ಳದೇ ಹೋದರಲ್ಲೇ ಅಂತ ನೀನು ಅತ್ತಾಗ ನಾನು ಬೆನ್ನು ಸವರಿದೆ. ಕ್ಷಮಿಸು ಅಂತ ಕೇಳುವುದಕ್ಕೆ ನನಗೆ ಬಾಯಿಲ್ಲ.

ನಿನ್ನ ಗೆಳತಿ ಅಂತ ಇನ್ನೂ ಬರೆದುಕೊಳ್ಳುತ್ತಿರುವ
ಭಾವನಾ

ತಾ.ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಅಜ್ಜಿ ಕೇಳಿಸಿಕೊಳ್ಳದೇ ಹೋಗಲಿಲ್ಲ, ಅನು. ಆ ವರ್ಷದ ಸೆಪ್ಟೆಂಬರಿನಲ್ಲಿ, ನೀನು ಹಾಸ್ಟೆಲಿನಲ್ಲಿದ್ದಾಗ, ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ನಾನು ಬೆಟ್ಟದಪುರಕ್ಕೆ ಹೋಗಿದ್ದೆ. ಪ್ರಬಂಧಕ್ಕೆ ಧಾಟಿ ಬೇಕಿತ್ತು, ಅದಕ್ಕೇ ಹೋದೆ. ನಿಮ್ಮ ಮನೆಯವರೆಲ್ಲ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಹತ್ತಿರ ಹೋಗಿದ್ದರು, ಜಗುಲಿಯಲ್ಲಿ ಅಜ್ಜಿ ಒಬ್ಬರೇ ಇದ್ದರು. ನಾನು ಓದುತ್ತಾ ಹೋದೆ, ಮೂರನೆಯ ಹಾಡಿಗೆ ಅವರೇ ದನಿ ಎತ್ತಿದರು. ಒಂದು ಕಡೆ ತಡೆದು, "ಮೇಷ್ಟ್ರು ಇಲ್ಲೊಂದು ಸಾಲು ಬುಟ್ಟವ್ರೆ" ಅಂತ ಬಿಟ್ಟುಹೋದ ಸಾಲನ್ನು ಹಾಡಿ ತೋರಿಸಿದರು. ಕವರಿನಲ್ಲಿರುವ ಮೆಮೊರಿ ಕಾರ್ಡಿನಲ್ಲಿ ಅವತ್ತು ನಾನು ರೆಕಾರ್ಡ್ ಮಾಡಿಕೊಂಡ ಎಲ್ಲವೂ ಇದೆ, ನಲವತ್ತು ನಿಮಿಷ. ಮೊದಲ ನಿಮಿಷವನ್ನು ಅಳಿಸಿ ಕಳಿಸೋಣ ಅಂತ ನೋಡಿದೆ, ಆಗಲಿಲ್ಲ, ಅಲ್ಲಿ ಅಜ್ಜಿಯ ದನಿಯೂ ಇದೆ. ಕಾಲ ಸಪ್ಪಳ ಕೇಳಿ "ಅನೂ, ಬುಕ್ಕು ಸಿಕ್ತೇನವ್ವಾ?" ಅಂತ ಅವರು ಕೇಳುತ್ತಾರೆ. ಹೂಂ ಅಜ್ಜಿ, ಸಿಕ್ತು ಅಂದಿರುವುದು ನಾನು.