ಎರಡು ಕೋಣೆಗಳ ನಡುವಿನ ಕಪ್ಪೆಗಳು

ಮನೆ, ನನ್ನ ಕೋಣೆ
ಜುಲೈ ೧೪, ಭಾನುವಾರ

ನನ್ನ ಮುದ್ದು ಕಂದಾ,

ಹೇಗಿದ್ದೀಯ? ಬಾಯಿಯ ಹುಣ್ಣು ಮಾಯಿತೇ? ಎರಡು ತುತ್ತಾದರೂ ಒಳಗೆ ಇಳಿಯುತ್ತಿದೆಯೇ? ನಿನ್ನಮ್ಮ ಫೋನಿನಲ್ಲಿ ಏನು ಕೇಳಿದರೂ "ಪರವಾಗಿಲ್ಲ ಅತ್ತೆ" ಅನ್ನುತ್ತಾಳೆ. ಅವಳೂ ಸರಿಯಾಗಿ ಉಣ್ಣುತ್ತಿಲ್ಲವೆಂದು ದನಿಯಲ್ಲೇ ಗೊತ್ತಾಗುತ್ತದೆ. ಗದರಿಸಿ ಉಣ್ಣಿಸುವ ಕೆಲಸ ನಿನ್ನದು. ಕೂದಲಿನ ಚಿಂತೆ ಬಿಡು. ಹುಟ್ಟಿದಾಗಲೂ ನಿನ್ನ ತಲೆ ಬೋಳಾಗಿಯೇ ಇತ್ತು, ಆಗಲೂ ನಮ್ಮ ಬೀದಿಗೆಲ್ಲ ನೀನೇ ಚೆಲುವೆ.

ಈಗ ನೀನು ಕಾದಿರುವ ಸುದ್ದಿ. ನಿನ್ನ ಕಪ್ಪೆಗಳು ಮೇಷ್ಟ್ರು, ಸೋಮಾರಿ ಇಬ್ಬರೂ ಚೆನ್ನಾಗಿದ್ದಾರೆ. ಆಸ್ಪತ್ರೆಗೆ ಹೊರಡುವಾಗ ಬಾಗಿಲಲ್ಲಿ ನಿಂತು "ಅವನ್ನ ಯಾರಿಗೂ ಕೊಟ್ಬಿಡಬೇಡ ಅಜ್ಜಿ" ಎಂದೆಯಲ್ಲ, ಆ ಮಾತು ನನ್ನ ಎದೆಯಲ್ಲೇ ಕೂತಿದೆ. ಆದರೆ ನೀನು ಮನೆಗೆ ಬಂದ ಮೇಲೂ ಸೋಂಕು ತಗಲದಿರಲೆಂದು ಒಂದು ವರ್ಷ ನಿನ್ನ ಹತ್ತಿರ ಮಣ್ಣು, ಗಿಡ, ನಿಂತ ನೀರು, ಪ್ರಾಣಿ ಯಾವುದೂ ಸುಳಿಯಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಕಪ್ಪೆಯ ತೊಟ್ಟಿಯಲ್ಲಿ ಆ ನಾಲ್ಕೂ ಇವೆ. ಕೊಟ್ಟುಬಿಡುವುದೇ ಸರಿ ಎಂದು ನನಗೂ ಅನ್ನಿಸಿತು. ಕಪ್ಪೆ ಕಂಡರೆ ಮಾರು ದೂರ ಹಾರುವವಳು ನಾನು, ನಿನಗೇ ಗೊತ್ತು. ನಿನ್ನಪ್ಪ ಮಾತ್ರ ಅಳತೆ ಟೇಪು ತಂದು ನಿನ್ನ ಕೋಣೆಗೂ ನನ್ನ ಕೋಣೆಗೂ ನಡುವಿನ ಗೋಡೆ ಅಳೆಯತೊಡಗಿದ. ಗಾಜಿನ ಆಚೆಗಾದರೆ ಇಟ್ಟುಕೊಳ್ಳಬಹುದು ಎಂದು ಡಾಕ್ಟರು ಒಪ್ಪಿದರಂತೆ, ಒಂದು ಷರತ್ತಿನ ಮೇಲೆ. ಅದನ್ನು ಆಮೇಲೆ ಬರೆಯುತ್ತೇನೆ.

ಗೋಡೆಯನ್ನು ಕಿಟಕಿಯಷ್ಟು ಅಗಲ ಒಡೆದು, ಅದರೊಳಗೇ ಗಾಜಿನ ತೊಟ್ಟಿ ಕೂರಿಸಿದ್ದಾನೆ. ನಿನ್ನ ಕಡೆಯ ಗಾಜು ತೆರೆಯುವುದಿಲ್ಲ. ಬಾಗಿಲು ನನ್ನ ಕಡೆಗೆ. ಕಿಟಕಿ ಕೂರಿಸುವುದೇ ಅವನ ಕಸುಬಲ್ಲವೇ, ಮೊದಲ ಸಲ ನಾಲ್ಕೂ ಕಡೆ ಗಾಳಿ ಸುಳಿಯದ ಹಾಗೆ ಬಿಗಿದು ಹೆಮ್ಮೆಯಿಂದ ನಿಂತ. ಕಪ್ಪೆಗಳನ್ನೇನು ಉಪ್ಪಿನಕಾಯಿ ಹಾಕುತ್ತೀಯಾ ಎಂದು ನಾನು ಕೇಳಿದ ಮೇಲೆ ನನ್ನ ಕಡೆಗೆ ಜಾಲರಿ ಬಂತು. ಆಮೇಲೆ ಸಾಕುಪ್ರಾಣಿ ಅಂಗಡಿಯವನು ಬಂದು ಇನ್ನೊಂದು ತಪ್ಪು ಹಿಡಿದ. ನಿನ್ನಪ್ಪ ಅಭ್ಯಾಸಬಲದಿಂದ ಬಚ್ಚಲ ಕಿಟಕಿಗೆ ಹಾಕುವ ಸಿಲಿಕಾನ್ ಅಂಟನ್ನೇ ಬಳಿದಿದ್ದ. ಬೂಷ್ಟು ಹಿಡಿಯದಿರಲೆಂದು ಅದರಲ್ಲಿ ಮದ್ದು ಬೆರೆಸಿರುತ್ತಾರೆ, ಅದು ಕಪ್ಪೆಯ ಚರ್ಮದೊಳಗೆ ಇಳಿದರೆ ಮುಗಿಯಿತಂತೆ. ನಿನ್ನಪ್ಪ ಬ್ಲೇಡು ಹಿಡಿದು ಅಷ್ಟನ್ನೂ ಕೆರೆದು ತೆಗೆದ. "ಒಳ್ಳೇದು ಮಾಡೋಕೆ ಹೋಗಿ ಕೊಂದೇಬಿಡ್ತಿದ್ನಲ್ಲಮ್ಮ" ಎಂದು ಕೆರೆದ ಜಾಗವನ್ನೇ ಮತ್ತೆ ಮತ್ತೆ ಒರೆಸಿದ. ಈಗ ಅವನಿಗೆ ಎಲ್ಲದಕ್ಕೂ ಭಯ, ಕಂದಾ. ನನಗೂ.

ಬೇರೆ ಅಂಟು ತಂದು ಮೊದಲಿಂದ ಶುರುಮಾಡಿದೆವು. ಅಡಿಗೆ ನುಣುಪು ಕಲ್ಲು, ಅದರ ಮೇಲೆ ಬಲೆಬಟ್ಟೆ, ಅದರ ಮೇಲೆ ತೆಂಗಿನ ನಾರಿನ ಪುಡಿ, ಒಣಗಿದ ಎಲೆ. ಬಲೆಬಟ್ಟೆ ಕತ್ತರಿಸಿದವಳು ನಾನು. ಊರವರ ರವಿಕೆ ಬಟ್ಟೆಯನ್ನೆಲ್ಲ ಕತ್ತರಿಸಿದ ನನ್ನ ಕತ್ತರಿಗೆ ಕೊನೆಗಾಲದಲ್ಲಿ ಕಪ್ಪೆಗಳ ಸೇವೆ ಬರೆದಿತ್ತು. ಗಿಡಗಳನ್ನು ತೊಳೆದು ನೆಟ್ಟು, ಒಂದು ಕೊಂಬೆಯನ್ನು ಓರೆಯಾಗಿ ನಿಲ್ಲಿಸಿದೆವು. ಮೇಷ್ಟ್ರು ಒಳಗೆ ಹೋದವರೇ ಅದರ ತುದಿ ಹತ್ತಿ ಗಂಟಲು ಸರಿಮಾಡಿಕೊಂಡರು. ಸೋಮಾರಿ ಎಲೆಯಡಿ ಸೇರಿದವಳು ಊಟಕ್ಕೆ ಮಾತ್ರ ಹೊರಗೆ ಬರುತ್ತಾಳೆ. ನಟ್ಟನಡುವೆ ತಟ್ಟೆಯಗಲದ ಜಾಗವನ್ನು ನಿನ್ನಪ್ಪ ಖಾಲಿ ಬಿಟ್ಟ. ಹಲ್ಲು ಬಿದ್ದ ಬಾಯಿಯ ಹಾಗಿದೆ, ಅಲ್ಲೂ ಒಂದು ಗಿಡ ನೆಡು ಎಂದರೆ, "ಇರ್ಲಿ ಬಿಡಮ್ಮ" ಎಂದ, ಅಷ್ಟೇ.

ಹುಳು ಹಾಕುವುದು, ನೀರು ಚಿಮುಕಿಸುವುದು ನನ್ನ ಪಾಲಿನ ಕೆಲಸ. ಮೊದಲ ದಿನ ಕಣ್ಣು ಮುಚ್ಚಿಕೊಂಡು ಹಾಕಿದೆ, ಅರ್ಧ ಹುಳು ನನ್ನ ಹಾಸಿಗೆಯ ಪಾಲಾದವು. ಈಗ ಕಣ್ಣು ಬಿಟ್ಟೇ ಹಾಕುತ್ತೇನೆ.

ಬೇಗ ಗುಣವಾಗಿ ಬಾ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗೇ ಸೇರಲಿ. ನಿನ್ನನ್ನು ನೋಡಿಕೊಳ್ಳುವ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಅಜ್ಜಿ

ಮತ್ತೆ: ಆ ಷರತ್ತು. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ತೊಟ್ಟಿಯೊಳಗೆ ಕೈ ಹಾಕುವವರು ಆ ಒಂದು ವರ್ಷ ನಿನ್ನ ಕೋಣೆಗೆ ಕಾಲಿಡಕೂಡದಂತೆ. ತಾನೇ ನೋಡಿಕೊಳ್ಳುತ್ತೇನೆ ಎಂದು ಅಪ್ಪ ಹೊರಟಿದ್ದ. ಬೇಡ, ಜ್ವರ ಬಂದಾಗ ಮಗುವಿಗೆ ನೀನು ಬೇಕು ಎಂದೆ. ಹಾಗಾಗಿ ನೀನು ಬಂದ ದಿನ ನಾನು ಬಾಗಿಲಿಗೆ ಬರುವುದಿಲ್ಲ. ಅಜ್ಜಿ ಎಲ್ಲಿ ಎಂದು ಅಳಬೇಡ. ನೆಟ್ಟಗೆ ಹೋಗಿ ನಿನ್ನ ಮಂಚದ ಮೇಲೆ ಕೂತು ಗೋಡೆಯ ಕಡೆ ನೋಡು. ನಿನ್ನೆ ಹುಳು ಹಾಕಲು ಈ ಕಡೆ ಸ್ಟೂಲಿನ ಮೇಲೆ ಕೂತಾಗ, ಗಿಡವಿಲ್ಲದ ಆ ಜಾಗದ ಮೂಲಕ ಆಚೆ ನಿನ್ನ ದಿಂಬು ಕಂಡಿತು. ನಿನ್ನಪ್ಪ ಅದನ್ನು ಸರಿಯಾಗಿ ನನ್ನ ಮುಖದ ಅಳತೆಗೇ ಬಿಟ್ಟಿದ್ದಾನೆ.